ಚೀಟಿ ಓದಿ ಹೇಳಿದ್ದು

ಸ್ಕೂಟರಿನಿಂದ ಬಿದ್ದು ಎಡಭುಜದ ಮೂಳೆ ಮುರಿದುಕೊಂಡಾಗ ನಾನು ಚನ್ನಪಟ್ಟಣದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಕಟ್ಟು ಬಿಚ್ಚಿದ ಮೇಲೆ ಮೂರು ತಿಂಗಳು ಫಿಸಿಯೋಥೆರಪಿಗೆಂದು ರಾಮನಗರಕ್ಕೆ ಓಡಾಡಿದೆ. ಅಲ್ಲಿನವರ ಮಾತು ಮೊದಮೊದಲು ನನಗೂ ತಿಳಿಯುತ್ತಿರಲಿಲ್ಲ. ‘ಆ್ಯಕ್ಟಿವ್’ ಅಂದರೆ ಕೈಯನ್ನು ನಾನೇ ಎತ್ತಬೇಕು. ‘ಪ್ಯಾಸಿವ್’ ಅಂದರೆ ಅವರು ಎತ್ತುತ್ತಾರೆ, ನಾನು ಸಡಿಲ ಬಿಟ್ಟು ಮಲಗಿರಬೇಕು. ಕೇಳಿ ಕೇಳಿ ಕಲಿತೆ. ಕಲಿತೆನೆಂಬ ಸಣ್ಣ ಜಂಬವೂ ಬಂತು.

ಪಕ್ಕದ ಮಂಚಕ್ಕೆ ಅಕ್ಕೂರಿನ ರೈತರೊಬ್ಬರು ಬರುತ್ತಿದ್ದರು. ಲಕ್ವ ಹೊಡೆದು ಬಲಗೈ ಸೋತಿತ್ತು. ಬೆಳಿಗ್ಗೆ ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಅವರ ಹೆಂಡತಿ ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಮೊದಲ ವಾರಗಳಲ್ಲಿ ಬೆರಳು ಒಂದಿಷ್ಟು ಬಿಚ್ಚಿದವು. ಒಂದು ದಿನ ಲೋಟ ಹಿಡಿದು ನನಗೆ ತೋರಿಸಿದರು. ಆಮೇಲೆ ಮುಂದೇನೂ ಆಗಲಿಲ್ಲ.

ಒಂದು ದಿನ ಆಕೆ ಚೀಟಿ ಹಿಡಿದು ನನ್ನ ಬಳಿ ಬಂದರು. “ಇನ್ ಬರಾದ್ ಬ್ಯಾಡ ಅಂದ್ರು ಮೇಡಂ. ಇದ್ರಲ್ಲಿ ಏನ್ ಬರ್ದವ್ರೆ, ಒಸಿ ನೋಡಿ.”

ಚೀಟಿಯಲ್ಲಿ ‘ಪ್ಲಾಟೋ’ ಎಂದಿತ್ತು. ಒಳಗೆ ಹೋಗಿ ಥೆರಪಿಸ್ಟ್ ಹುಡುಗಿಯನ್ನು ಕೇಳಿದೆ.

“ಸುಧಾರಣೆ ಅಲ್ಲಿಗೇ ನಿಂತಿದೆ ಮೇಡಂ,” ಅಂದಳು. “ಇರೋದನ್ನ ಉಳಿಸ್ಕೊಳ್ಳೋಕೆ ಮನೇಲಿ ದಿನಾ ಬೆರಳು ಬಿಡಿಸ್ತಿರಬೇಕು. ಅವರಿಗೂ ಹೇಳಿದೀನಿ.”

ಹೊರಗೆ ಬಂದಾಗ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಸುಧಾರಣೆ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. “ಅಲ್ಲಿಗೇ ನಿಂತಿದೆಯಂತೆ,” ಎಂದಷ್ಟೇ ಹೇಳಿದೆ.

“ಕಾಯ್ಲೆ ನಿಂತ್‌ಬುಡ್ತಾ?” ರೈತರ ಮುಖ ಅರಳಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ತಪ್ಪು ತಿಳಿದರೆಂದು ನನಗೆ ಗೊತ್ತಾಯಿತು. ಆ ಸಂತೋಷ ಕೆಡಿಸಲಾರದೆ ತಲೆಯಾಡಿಸಿದೆ. ಹೇಗೂ ಥೆರಪಿಸ್ಟ್ ಹೇಳಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡು ನನ್ನ ಬಸ್ಸು ಹತ್ತಿದೆ.

ಏಳೆಂಟು ತಿಂಗಳ ಮೇಲೆ ಆಕೆ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಯಜಮಾನರು ಹೇಗಿದ್ದಾರೆಂದು ಕೇಳಿದೆ.

“ಕೈ ಮುಷ್ಟಿ ಕಟ್ಕೊಂಡ್‌ಬುಟ್ಟೈತೆ ಮೇಡಂ. ಉಗುರು ಅಂಗೈಗೆ ಚುಚ್ತದೆ. ಕತ್ತರ್ಸಕ್ಕೂ ಬುಡಲ್ಲ.”

“ದಿನಾ ಬೆರಳು ಬಿಡಿಸ್ತಿರಲಿಲ್ವಾ?”

“ಕಾಯ್ಲೆ ನಿಂತೈತೆ ಅಂದ್ರಲ್ಲ, ಇನ್ಯಾಕೆ ನೋಯ್ಸಾದು ಅಂತ ಬುಟ್‌ಬುಟ್ವಿ.”

ಆ ಭಾನುವಾರ ಅಕ್ಕೂರಿಗೆ ಹೋದೆ. ಅವರು ಜಗುಲಿಯ ಮೇಲೆ ಕೂತಿದ್ದರು. ಉಗುರು ಚುಚ್ಚದಿರಲೆಂದು ಮುಷ್ಟಿಯೊಳಗೆ ಬಟ್ಟೆಯ ಸುರುಳಿ ತುರುಕಿದ್ದರು. ಕೈಯನ್ನು ಬಿಸಿನೀರಲ್ಲಿ ಅದ್ದಿ, ನನಗೆ ಬಂದ ಹಾಗೆ ಕಿರುಬೆರಳನ್ನು ಬಿಡಿಸಲು ನೋಡಿದೆ. ಹಲ್ಲು ಕಚ್ಚಿಕೊಂಡರು. ಬೆರಳು ಕದಲಲಿಲ್ಲ.

ಹಿತ್ತಿಲಲ್ಲಿ ಆಕೆಗೆ ಎಲ್ಲವನ್ನೂ ಹೇಳಿದೆ. ಆ ದಿನವೇ ನನಗೆ ಗೊತ್ತಿತ್ತು, ತಿದ್ದಲಿಲ್ಲ ಎಂದೆ.

“ನಾವೂ ಇನ್ನೊಂದ್ಸಲ ಕೇಳ್ಬೇಕಾಗಿತ್ತು,” ಅಂದರು ಆಕೆ. “ಅವರ್ಗೆ ಮಾತ್ರ ಹೇಳ್ಬ್ಯಾಡಿ ಮೇಡಂ. ನೀವ್ ಬಂದಿದ್ದಕ್ಕೆ ಖುಷಿಯಾಗವ್ರೆ.”

ಮರುವಾರ ಅವರನ್ನು ನಾನೇ ರಾಮನಗರಕ್ಕೆ ಕರೆದುಕೊಂಡು ಹೋದೆ. ಥೆರಪಿಸ್ಟ್ ಕೈ ಹಿಡಿದು ನೋಡಿ ‘ಕಾಂಟ್ರ್ಯಾಕ್ಚರ್’ ಎಂದು ಬರೆದಳು. ಸ್ನಾಯು ಗಿಡ್ಡವಾಗಿ ಬಿಗಿದುಕೊಂಡಿದೆ, ಪೂರ್ತಿ ಬಿಡಿಸುವುದು ಕಷ್ಟ ಎಂದು ಈ ಸಲ ನಾನೇ ಒಂದೊಂದು ಮಾತನ್ನೂ ಬಿಡದೆ ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಎರಡು ಸಲ ಬಂದರು. ನೋವು ತಾಳಲಾರದೆ ಮೂರನೆಯ ಸಲ ಬರಲಿಲ್ಲ.