ರಿಟರ್ನ್ ಪೋಸ್ಟಿನಲ್ಲಿ ಬಂದ ಜಾತಕ

ನನ್ನ ಮದುವೆ ಮುರಿಯಲು ಹೊರಟದ್ದು ನಮ್ಮಪ್ಪನ ಇಂಗ್ಲಿಷ್. ಐವತ್ತರ ದಶಕದ ನಾಗಪುರದಲ್ಲಿ, ಸಿವಿಲ್ ಲೈನ್ಸಿನ ಸರ್ಕಾರಿ ಕಚೇರಿಯೊಂದರಲ್ಲಿ ಅಪ್ಪ ಹೆಡ್‌ಕ್ಲಾರ್ಕ್. ಕಾಗದದ ಮೇಲೆ ‘ಅರ್ಜೆಂಟ್’ ಎಂದು ಬರೆಯುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. “ಅದು ಒದರೂದು, ಬರಿಯೂದಲ್ಲ” ಎನ್ನುತ್ತಿದ್ದರು.

ಗದಗಿನ ಕಡೆಯ ಹಳ್ಳಿಯಿಂದ ವರ ಬಂದು ನನ್ನನ್ನು ನೋಡಿಹೋಗಿದ್ದ. ಎರಡು ಸಲ ಶಿರಾ ಹಾಕಿಸಿಕೊಂಡು, ಮೂರನೆಯ ಸಲ ತಟ್ಟೆ ಚಾಚಿದಾಗ ಅವರಪ್ಪ ದುರುಗುಟ್ಟಿ ನೋಡಿದ್ದಕ್ಕೆ, ನನ್ನ ಕಡೆ ತಿರುಗಿ ನಕ್ಕಿದ್ದ. ಮದುವೆಯಾದರೆ ಇವನನ್ನೇ ಎಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟೆ. ಜಾತಕವೂ ಕೂಡಿತ್ತು. ಬಾಕಿಯಿದ್ದದ್ದು ಅವರ ಒಪ್ಪಿಗೆಯ ಮಾತು. ಕನ್ನಡದಲ್ಲಿ ‘ಬೇಗ ತಿಳಿಸಿ’ ಎಂದರೆ ಹೆಣ್ಣಿನ ಕಡೆಯವರು ಗಾಬರಿಬಿದ್ದಂತೆ ಕಾಣುತ್ತದೆಂದು ಅಪ್ಪ ಕಾಗದದ ಕೊನೆಗೆ ಒಂದು ಇಂಗ್ಲಿಷ್ ಸಾಲು ಸೇರಿಸಿದರು: ‘ಪ್ಲೀಸ್ ರಿಪ್ಲೈ ಬೈ ರಿಟರ್ನ್ ಆಫ್ ಪೋಸ್ಟ್’. ಅಂದರೆ, ಕಾಗದ ಮುಟ್ಟಿದೊಡನೆ ಮುಂದಿನ ಟಪಾಲಿಗೇ ಉತ್ತರ ಹಾಕಿ ಎಂದು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ವಾರದೊಳಗೆ ದಪ್ಪ ಲಕೋಟೆ ಬಂತು. ಒಡೆದರೆ ನನ್ನ ಜಾತಕ, ನನ್ನ ಫೋಟೋ! ಜಾತಕ ತಿರುಗಿ ಬಂತೆಂದರೆ ಸಂಬಂಧ ಬೇಡವೆಂದೇ ಅರ್ಥ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ನಾನು ಅಡುಗೆಮನೆಗೆ ಹೋಗಿ, ಶಿರಾ ತಿಂದವನ ಏಳು ತಲೆಮಾರನ್ನೂ ಬೈದೆ.

ಜೊತೆಗಿದ್ದ ಚೀಟಿಯನ್ನು ಅಪ್ಪ ಆಮೇಲೆ ಓದಿದರು. ವರನ ತಂದೆ ಬರೆದಿದ್ದರು: “ನಿಮ್ಮ ಇಂಗ್ಲಿಷ್ ಸಾಲು ತಿಳೀಲಿಲ್ರಿ. ಪೋಸ್ಟ್‌ಮನ್‌ಗ ತೋರಿಸಿದಿವಿ. ಜಾತಕ ಪೋಸ್ಟಿನಾಗ ರಿಟರ್ನ್ ಮಾಡ್ರಿ ಅಂತ ಬರದಾರ ಅಂದ. ಹುಡುಗಿ ನಮಗ ಭಾಳ ಮನಸಿಗೆ ಬಂದಿದ್ಲು. ನಮ್ಮಿಂದ ಏನು ತಪ್ಪಾತ್ರಿ?”

“ನನ್ನ ಇಂಗ್ಲಿಷ್ ಬರೋಬರ್ ಐತಿ!” ಎಂದು ಅಪ್ಪ ಹಾರಾಡಿದರು.

“ಹಂಗಾದ್ರ ನಿಮ್ಮ ಇಂಗ್ಲಿಷ್ ಜೋಡೀನ ಲಗ್ನ ಆಗ್ಲೇನು ನಾನು?” ಎಂದು ಕೂಗಿದೆ. ಅಪ್ಪನೆದುರು ದನಿ ಎತ್ತಿದ್ದು ಅದೇ ಮೊದಲು.

ಅಪ್ಪ ಕುಳಿತು, ಕ್ಷಮೆ ಕೇಳಿ ಮತ್ತೊಂದು ಕಾಗದ ಬರೆದರು. ಕೊನೆಗೆ ಬಂದಾಗ ಪೆನ್ನು ನಿಂತಿತು. “ಅಟ್ ಯುವರ್ ಅರ್ಲಿಯೆಸ್ಟ್...” ಎಂದು ಮತ್ತೆ ಇಂಗ್ಲಿಷಿನಲ್ಲೇ ಗೊಣಗತೊಡಗಿದರು. ನಾನು ಪೆನ್ನು ಕಸಿದುಕೊಂಡು ಬರೆದೆ: ‘ನಿಮ್ಮ ಮಗ ನನಗೂ ಮನಸಿಗೆ ಬಂದಾರ. ಲಗೂನ ಬರ್ರಿ.’

ಅವ್ವ ಹೌಹಾರಿದಳು. “ಅಯ್ಯ, ಹೆಣ್ಣುಮಗಳು ಹಿಂಗ ಬರೀತಾಳೇನು! ಹೊಡದು ಹಾಕ್ರಿ ಅದನ್ನ!”

ಅಪ್ಪ ಆ ಸಾಲನ್ನು ಎರಡು ಸಲ ಓದಿದರು.

“ಇದರಾಗ ತಿದ್ದೂದೇನೂ ಇಲ್ಲ” ಎಂದು ಲಕೋಟೆ ಅಂಟಿಸಿದರು.