ಸ್ಫಾಕ್ಸ್ ಬಂದರಿನಲ್ಲಿ ನಾನು ತೆಗೆದ ಫೋಟೋ

ನನ್ನ ಗಂಡ ಹೂಸ್ಟನ್‌ನಲ್ಲಿ ತೈಲಯಂತ್ರಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ಒಮ್ಮೆ ಅವರಿಗೆ ಟುನೀಶಿಯಾದ ಸ್ಫಾಕ್ಸ್ ನಗರದಲ್ಲಿ ಹತ್ತು ದಿನಗಳ ಕೆಲಸ ಬಿತ್ತು. ಜೊತೆಗೆ ನಾನೂ ಹೊರಟೆ. ಹುಬ್ಬಳ್ಳಿಯಲ್ಲಿ ಬೆಳೆದ ನನ್ನ ಕಲ್ಪನೆಯಲ್ಲಿ ಉತ್ತರ ಆಫ್ರಿಕಾದ ಕಡಲತೀರವೆಂದರೆ ಬಿಳಿ ಮನೆಗಳು, ನೀಲಿ ಕಿಟಕಿಗಳು.

ಹೋಟೆಲಿನ ಕಿಟಕಿ ತೆರೆದರೆ ಮೂಗಿಗೆ ಬಡಿದದ್ದು ಗೊಬ್ಬರದ ಕಾರ್ಖಾನೆಯ ಘಾಟು. ದಂಡೆಯ ನೀರು ಕಂದುಬಣ್ಣಕ್ಕೆ ತಿರುಗಿತ್ತು. ಹಳೆಯ ಕೋಟೆಯೊಳಗಿನ ಪೇಟೆಯಲ್ಲಿ ಒಣಮೆಣಸಿನಕಾಯಿಯ ಸರ ಕಂಡು ಕ್ಷಣಕಾಲ ಬ್ಯಾಡಗಿ ನೆನಪಾಯಿತು. ಪಕ್ಕದಲ್ಲೇ ಒಣಗಿದ ಆಕ್ಟೋಪಸ್‌ಗಳು ಹರಕು ಬಟ್ಟೆಯಂತೆ ತೂಗುತ್ತಿದ್ದವು. ಚಹಾದಂಗಡಿಗಳ ತುಂಬ ಕೆಲಸವಿಲ್ಲದ ತರುಣರು. ಎಲ್ಲರ ಮುಖವೂ ಕಡಲಿನ ಕಡೆಗೆ.

ಕಂಪನಿಯವರು ಗೊತ್ತುಮಾಡಿದ್ದ ಡ್ರೈವರ್ ಇಂಗ್ಲಿಷ್ ಬಲ್ಲವನು, ಮಿತಭಾಷಿ. ಮೂರನೆಯ ದಿನ ಅವನು ನನ್ನನ್ನು ಬಂದರಿಗೆ ಕರೆದೊಯ್ದ. ಅಲ್ಲಿ ಬಿಳಿಯ ವಸ್ತ್ರ ಹೊದ್ದ ಮುದುಕಿಯೊಬ್ಬಳು ನೇರ ನನ್ನ ಬಳಿ ಬಂದು, ಪ್ಲಾಸ್ಟಿಕ್ ಹಾಕಿಸಿದ ಫೋಟೋ ಒಂದನ್ನು ಮುಂದೆ ಹಿಡಿದಳು. ಇಪ್ಪತ್ತರ ಆಸುಪಾಸಿನ, ಹಲ್ಲು ಕಾಣುವಂತೆ ನಕ್ಕ ಹುಡುಗ.

"ಅವಳ ಮಗ. ಎರಡು ವರ್ಷದ ಹಿಂದೆ ದೋಣಿ ಹತ್ತಿ ಇಟಲಿಗೆ ಹೊರಟವನು. ದೋಣಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ," ಎಂದ ಡ್ರೈವರ್. "ಹೊರಗಿನವರು ಕಂಡರೆ ಇವನನ್ನು ನೋಡಿದ್ದೀರಾ ಎಂದು ಕೇಳುತ್ತಾಳೆ."

ನಾವಿರುವುದು ಅಮೆರಿಕದಲ್ಲಿ ಎಂದು ಹೇಳಿಸಿದೆ. ಅವಳ ಮುಖ ಅರಳಿತು. ಅಮೆರಿಕಕ್ಕೇ ಹೋಗಿರಬೇಕು, ಅವನು ಹಠಮಾರಿ ಎಂದಳಂತೆ. ಇಲ್ಲ ಎನ್ನುವ ಬದಲು ನಾನು ಮೊಬೈಲ್ ತೆಗೆದು ಆ ಫೋಟೋದ ಫೋಟೋ ತೆಗೆದುಕೊಂಡೆ. ಕೇಳಿದಾಗ ನನ್ನ ಫೋನ್ ನಂಬರ್ ಕೂಡ ಬರೆದುಕೊಟ್ಟೆ. ಅವಳು ನನ್ನ ಕೈಗೆ ಮುತ್ತಿಟ್ಟಳು.

ಕಾರಿನಲ್ಲಿ ಡ್ರೈವರ್ ಹೇಳಿದ: "ಅದೇ ದೋಣಿಯಲ್ಲಿ ನನ್ನ ಅಕ್ಕನ ಮಗನೂ ಇದ್ದ, ಮೇಡಂ. ಸತ್ತನೆಂದೇ ತಿಳಿದು ಹೆಣವಿಲ್ಲದೆಯೇ ಅಂತಿಮ ಪ್ರಾರ್ಥನೆ ಮುಗಿಸಿದೆವು. ಈಗ ಅಕ್ಕ ಊಟ ಮಾಡುತ್ತಾಳೆ, ಮಲಗುತ್ತಾಳೆ. ಈ ತಾಯಿಯನ್ನೂ ಅದಕ್ಕೆ ಒಪ್ಪಿಸುವುದರಲ್ಲಿದ್ದೆವು."

ಸಂಜೆ ಗಂಡನಿಗೆ ಹೇಳಿದೆ. "ಆಕೀಗೆ ಸುಳ್ಳ ಆಸೆ ಯಾಕ ಹಚ್ಚಿ ಬಂದಿ?" ಎಂದರು.

"ಇಲ್ಲಾ ಅನ್ನಾಕ ಬಾಯಿ ಬರ್ಲಿಲ್ರಿ."

ಹೂಸ್ಟನ್‌ಗೆ ಮರಳಿದ ಮೇಲೆ ಪ್ರತಿ ಶುಕ್ರವಾರ ಅವಳ ಕರೆ ಬರತೊಡಗಿತು. ಅರಬ್ಬಿಯಲ್ಲಿ ನನಗೆ ತಿಳಿಯುತ್ತಿದ್ದದ್ದು ಮಗನ ಹೆಸರೊಂದೇ. ಮೊದಮೊದಲು ಕೇಳಿಸಿಕೊಂಡೆ. ಆಮೇಲೆ ಫೋನ್ ಮಗುಚಿಟ್ಟು ಅಡುಗೆ ಮಾಡುತ್ತಿದ್ದೆ.

ಒಂದು ದಿನ ಡ್ರೈವರ್ ಫೋನ್ ಮಾಡಿದ. ಅವಳು ಒಬ್ಬಳೇ ಬಸ್ಸು ಹತ್ತಿ ರಾಜಧಾನಿಯಲ್ಲಿರುವ ಅಮೆರಿಕದ ವೀಸಾ ಕಚೇರಿಗೆ ಹೋಗಿದ್ದಳಂತೆ. ಅಮೆರಿಕದಲ್ಲಿ ತನ್ನ ಮಗನನ್ನು ಒಬ್ಬ ಹೆಂಗಸು ನೋಡಿದ್ದಾಳೆ ಎಂದು ಕಾವಲಿನವರ ಮುಂದೆ ಫೋಟೋ ಹಿಡಿದು ಎರಡು ದಿನ ಹೊರಗೇ ಕೂತಿದ್ದಳಂತೆ. "ಕರೆದುಕೊಂಡು ಬಂದಿದ್ದೇನೆ. ಪಕ್ಕದಲ್ಲೇ ಇದ್ದಾಳೆ. ಈಗ ನೀವೇ ಹೇಳಬೇಕು."

"ನಾನು ಅವನನ್ನು ನೋಡಿಲ್ಲ. ಹುಡುಕಲೂ ಇಲ್ಲ," ಎಂದೆ. ಅವನು ಅದನ್ನು ಅರಬ್ಬಿಯಲ್ಲಿ ಹೇಳಿದ. ಅವಳು ಮೆಲ್ಲಗೆ ಏನೋ ಅಂದಳು.

"ಮತ್ತೆ ಫೋಟೋ ಯಾಕೆ ತೆಗೆದಿರಿ ಅಂತ ಕೇಳುತ್ತಿದ್ದಾಳೆ."

ಅಷ್ಟರಲ್ಲಿ ಫೋನ್ ಕಟ್ ಆಯಿತು. ಮತ್ತೆ ಯಾವ ಶುಕ್ರವಾರವೂ ಅವಳು ಕರೆಯಲಿಲ್ಲ. ಆ ಚಳಿಗಾಲದಲ್ಲಿ ಡ್ರೈವರ್ ಬರೆದ: ಅವಳು ಬಂದರಿಗೆ ಬರುವುದನ್ನು ಬಿಟ್ಟಿದ್ದಾಳೆ, ಮಗನ ಅಂತಿಮ ಪ್ರಾರ್ಥನೆಗೂ ಒಪ್ಪಿಲ್ಲ, ಯಾರೊಡನೆಯೂ ಮಾತಿಲ್ಲ.