ಮೋಟಾರು ಮನೆಯಲ್ಲಿಟ್ಟ ಸೆಂಟು

ಸೆಂಟಿನಲ್ಲಿ ಹಗಲಿನದು ಬೇರೆ, ರಾತ್ರಿಯದು ಬೇರೆ ಎಂದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ, ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಫ್ಯಾನ್ಸಿ ಸ್ಟೋರಿನಲ್ಲಿ. "ಇದು ಹಗಲಿಗೆ ಮೇಡಂ, ಕೆಲಸಕ್ಕೆ ಹೋಗೋರಿಗೆ ಚೆನ್ನಾಗಿರುತ್ತೆ" ಎಂದು ಅಂಗಡಿಯವನು ಕಾಗದದ ಚೂರಿಗೆ ಒಂದು ಸಲ ಹೊಡೆದು ನನ್ನ ಮುಂದೆ ಹಿಡಿದ. ಕಿತ್ತಳೆ ಸಿಪ್ಪೆಗೆ ಉಗುರು ಚುಚ್ಚಿದರೆ ಕಣ್ಣಿಗೆ ಹಾರುತ್ತದಲ್ಲ, ಮೊದಲು ಆ ವಾಸನೆ. ಜೊತೆಗೆ ಒಂದಿಷ್ಟು ನಿಂಬೆ. ಅದು ಆರುವಷ್ಟರಲ್ಲಿ ಹಿಂದಿನಿಂದ ಗುಲಾಬಿ. ಮದುವೆ ಮನೆಯಲ್ಲಿ ಚಿಮುಕಿಸುವ ಪನ್ನೀರಿನ ಗುಲಾಬಿಯಲ್ಲ, ಬೆಳಗ್ಗೆ ಗಿಡದ ಹತ್ತಿರವೇ ಬಗ್ಗಿ ಮೂಸಿದ ಗುಲಾಬಿ. ನಾನು ಅಂಗಡಿಯಲ್ಲೇ ನಕ್ಕುಬಿಟ್ಟೆ. ಯಾಕೆ ಎಂದರೆ ಹೇಳಲು ಬರುವುದಿಲ್ಲ. ಖುಷಿಯಾಯಿತು, ಅಷ್ಟೇ.

ಕೊಂಡದ್ದೇನೋ ಕೊಂಡೆ. ಆದರೆ ಅದನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆ ವಾಸನೆ ಆಗದು ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಮನೆಯಲ್ಲಿ ಹುಳುವಿನ ಬೆಳೆ ಇರುವಷ್ಟು ದಿನ ಊದಿನಕಡ್ಡಿ ಹಚ್ಚುವಂತಿಲ್ಲ, ಸೊಳ್ಳೆ ಬತ್ತಿ ಉರಿಸುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಬೇರೆಯವರ ಮನೆಯಲ್ಲಿ ಇಷ್ಟಕ್ಕೆ ಮುಗಿಯುತ್ತದೆ. ನಮ್ಮ ಅತ್ತೆಯ ಆಳ್ವಿಕೆಯಲ್ಲಿ ತಲೆಗೆ ಹೂವಿಲ್ಲ, ಪರಿಮಳದ ಸೋಪಿಲ್ಲ, ಮುಖಕ್ಕೆ ಪೌಡರೂ ಇಲ್ಲ. ಅವರ ಮೂಗಿನ ಕಣ್ಣು ತಪ್ಪಿಸಿ ಒಂದು ಏಲಕ್ಕಿ ಅಗಿಯಲಿಕ್ಕೂ ಆಗುತ್ತಿರಲಿಲ್ಲ. ನಾನು ನರಸಾಪುರದ ಕಾರ್ಖಾನೆಗೆ ಹೋಗುವವಳು, ಕೈಗೆ ಸ್ಯಾನಿಟೈಸರ್ ಹಾಕಿಕೊಳ್ಳುವವಳು ಎಂದು ಮದುವೆಯಾದ ಆರು ವರ್ಷದಲ್ಲಿ ಒಂದು ದಿನವೂ ಹುಳುಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ನನ್ನ ಮನೆಯಲ್ಲೇ ನಾನು ನೆಂಟರ ಹಾಗೆ. ಅದು ನನ್ನನ್ನು ಚುಚ್ಚುತ್ತಿತ್ತು.

ಅವರ ಈ ಕಟ್ಟುನಿಟ್ಟಿಗೆ ಕಾರಣವೂ ಇತ್ತು. ಮಾಲೂರಿನಲ್ಲಿ ಇಟ್ಟಿಗೆ ಲಾರಿ ಓಡಿಸುವ ನನ್ನ ಗಂಡ ಒಮ್ಮೆ ಹೇಳಿದ್ದರು. ಅತ್ತೆ ಮುಳಬಾಗಿಲು ಕಡೆಯಿಂದ ಸೊಸೆಯಾಗಿ ಬಂದಾಗ ಅವರಪ್ಪ ಕೊಟ್ಟ ಒಂದು ಪುಟ್ಟ ಗುಲಾಬಿ ಅತ್ತರಿನ ಸೀಸೆ ತಂದಿದ್ದರಂತೆ. ಆ ಸಲ ಹುಳುವೆಲ್ಲ ಸುಣ್ಣಕಟ್ಟು ರೋಗ ಬಂದು, ಸೀಮೆಸುಣ್ಣದ ತುಂಡುಗಳ ಹಾಗೆ ಬೆಳ್ಳಗೆ ಬಿರುಸಾಗಿ ಸತ್ತವು. ಅವರ ಅತ್ತೆ ಊರವರ ಮುಂದೆಯೇ, "ಇವಳ ಅತ್ತರಿಗೆ ಬೆಳೆ ಹೋಯ್ತು" ಎಂದು ಸೀಸೆಯನ್ನು ತಿಪ್ಪೆಗೆ ಎಸೆದರು. ಅಂದಿನಿಂದ ನಮ್ಮ ಅತ್ತೆ ಪರಿಮಳದ ಸುದ್ದಿಗೇ ಹೋಗಲಿಲ್ಲ. ಬೆಳೆ ಇಲ್ಲದ ದಿನವೂ ಹೂವು ಮುಡಿಯಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸೆಂಟು ಕೊಂಡೆನಲ್ಲ, ನನ್ನ ಧೈರ್ಯಕ್ಕೆ ಏನು ಹೇಳಲಿ! ಕಂಪನಿ ಬಸ್ಸು ನಿಲ್ಲುವ ನಮ್ಮೂರ ಗೇಟಿನ ಹತ್ತಿರ ನಮ್ಮ ಬೋರಿನ ಮೋಟಾರು ಮನೆ ಇದೆ. ಅದರೊಳಗೆ ಸ್ಟಾರ್ಟರ್ ಡಬ್ಬದ ಹಿಂದೆ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಬೆಳಗ್ಗೆ ಮನೆಯಿಂದ ಏನೂ ಹಚ್ಚಿಕೊಳ್ಳದೆ ಹೊರಟು, ಅಲ್ಲಿ ಎರಡು ಸಲ ಹೊಡೆದುಕೊಂಡು ಬಸ್ಸು ಹತ್ತುವುದು. ಹಗಲಿನ ಸೆಂಟಿನ ಒಳ್ಳೆಯ ಗುಣವೆಂದರೆ ಅದು ಹಗಲಿಗೇ ಮುಗಿಯುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕಿತ್ತಳೆ ಹೋಗಿ, ಸಂಜೆ ಬಸ್ಸಿಳಿಯುವಷ್ಟರಲ್ಲಿ ಗುಲಾಬಿಯೂ ಹೋಗಿ, ನಾನು ಮತ್ತೆ ಹುಳುಮನೆಯವರ ಸೊಸೆ. ಬಸ್ಸಿನ ಹುಡುಗಿಯರು, "ಅಕ್ಕ ಬಂದ್ರೆ ಕಿತ್ತಳೆ ಬುಟ್ಟಿ ಬಂದಂಗೆ" ಎಂದು ರೇಗಿಸುತ್ತಿದ್ದರು. ನನಗೆ ಅದೇ ಬೇಕಾಗಿತ್ತು.

ಹೀಗೇ ಎರಡು ಬೆಳೆ ಸಾಗಿತು. ಮೂರನೆಯದರಲ್ಲಿ ಸಿಕ್ಕಿಬಿದ್ದೆ.

ಅವತ್ತು ಬೆಳಗ್ಗೆ ಕತ್ತಿಗೆ ಎರಡು, ಮಣಿಕಟ್ಟಿಗೆ ಒಂದು ಹೊಡೆದುಕೊಂಡು, ಯಾವ ಹುಮ್ಮಸ್ಸೋ ಏನೋ, ಕರ್ಚೀಫಿಗೂ ಒಂದು ಹೊಡೆದು ಚೂಡಿದಾರದ ಜೇಬಿಗಿಟ್ಟುಕೊಂಡೆ. ಅಷ್ಟರಲ್ಲಿ ಫೋನು. ಅತ್ತೆ.

"ಹುಳ ಹಣ್ಣಾಗ್ಬಿಟ್ಟೈತೆ ಕಣೇ, ಎಲ್ಲಾ ಒಂದೇ ಸಲಕ್ಕೆ! ಕೂಲಿಯೋರು ಒಬ್ರೂ ಬಂದಿಲ್ಲ. ನಾನೂ ನಿಮ್ಮಾವ ಇಬ್ರೇ ಏನ್ ಮಾಡೋದು? ಇವತ್ತು ರಜ ಹಾಕು, ಓಡ್ಬಾ!"

ಹಣ್ಣಾದ ಹುಳುವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಅಲ್ಲೇ ಅದು ಗೂಡು ಕಟ್ಟುವುದು. ತಡವಾದರೆ ಕಸದಲ್ಲೇ ಕಟ್ಟಿ ಬೆಳೆ ಹಾಳು. ಆರು ವರ್ಷ ಕಾದ ಕರೆ ಬಂದದ್ದು ನಾನು ತಲೆಯಿಂದ ಕಾಲಿನವರೆಗೆ ಕಿತ್ತಳೆ, ಗುಲಾಬಿ ಆಗಿ ನಿಂತಾಗ! ಬೋರಿನ ತೊಟ್ಟಿಯ ನೀರಿನಲ್ಲಿ ಕತ್ತು ತಿಕ್ಕಿದೆ. ಹೋಗಲಿಲ್ಲ. ಮಣ್ಣು ಹಚ್ಚಿ ತಿಕ್ಕಿದೆ. ಇನ್ನೂ ಇತ್ತು. ಕೊನೆಗೆ ಪಕ್ಕದ ತೋಟದಿಂದ ಹಿಪ್ಪುನೇರಳೆ ಸೊಪ್ಪು ಕಿತ್ತು, ಕೈಯಲ್ಲಿ ಹಿಸುಕಿ, ಕತ್ತು ಕೈಗೆಲ್ಲ ಉಜ್ಜಿಕೊಂಡು ಓಡಿದೆ. ಹುಳು ಬೇಡ ಎನ್ನದ ವಾಸನೆ ಅದೊಂದೇ ನನಗೆ ಗೊತ್ತಿದ್ದದ್ದು.

"ಏನೇ ಇದು, ಕತ್ತೆಲ್ಲಾ ಹಸಿರು?" ಎಂದರು ಅತ್ತೆ.

"ಸೊಪ್ಪು ಹೊತ್ಕೊಂಡ್ ಬಂದೆ ಅತ್ತೆ." ಬರಿಗೈಯಲ್ಲಿ ನಿಂತು ಹೇಳಿದೆ. ಅವರಿಗೆ ನೋಡುವಷ್ಟು ಪುರಸೊತ್ತಿರಲಿಲ್ಲ, ನಾನು ಬದುಕಿಕೊಂಡೆ.

ಹುಳುಮನೆಯ ಒಳಗೆ ಕಾಲಿಟ್ಟೆ. ಹಣ್ಣಾದ ಹುಳು ಎಷ್ಟು ಚೆಂದ ಎಂದು ಯಾರೂ ನನಗೆ ಹೇಳಿರಲಿಲ್ಲ. ಬೆಳಕಿಗೆ ಹಿಡಿದ ದ್ರಾಕ್ಷಿಯ ಹಾಗೆ ಮೈ ಒಳಗಿನಿಂದ ಹೊಳೆಯುತ್ತದೆ, ತಲೆ ಎತ್ತಿ ಅತ್ತ ಇತ್ತ ಜಾಗ ಹುಡುಕುತ್ತದೆ. ಅತ್ತೆ ಕೈ ಹಿಡಿದು ತೋರಿಸಿದರು, "ಹಿಸುಕ್ಬೇಡ, ಮೆಲ್ಲಗೆ ಎತ್ತು, ಮಗು ಕೆನ್ನೆ ಮುಟ್ಟಿದಂಗೆ." ಸಾವಿರಾರು ಹುಳು ಎತ್ತಿದೆ. ಬೆನ್ನು ಬಿದ್ದುಹೋಯಿತು, ಆದರೂ ಅವತ್ತಿನಷ್ಟು ಸಂತೋಷದ ಕೆಲಸ ನಾನು ಮಾಡಿಲ್ಲ.

ಮಧ್ಯಾಹ್ನ ಕೈ ತೊಳೆದು ಒರೆಸಿಕೊಳ್ಳಲು ಹೋದಾಗ ಜೇಬಿನ ನೆನಪಾಯಿತು. ಕರ್ಚೀಫು! ಅಷ್ಟು ಹೊತ್ತೂ ಸೆಂಟು ಹೊತ್ತುಕೊಂಡು ಹುಳುವಿನ ನಡುವೆ ಓಡಾಡಿದ್ದೆ. ಜೇಬಿಗೆ ಕೈ ಹಾಕುವ ಧೈರ್ಯವೂ ಬರಲಿಲ್ಲ. ಚೂಡಿದಾರ ಬದಲಾಯಿಸಿ, ಸುತ್ತಿ ಹಿತ್ತಿಲಿನ ಬಚ್ಚಲ ಗೂಟಕ್ಕೆ ಸಿಕ್ಕಿಸಿ ಬಂದೆ.

ಆಮೇಲಿನ ದಿನಗಳು ನನಗೆ ಅನ್ನ ಸೇರಲಿಲ್ಲ. ಹುಳು ಗೂಡು ಕಟ್ಟದೆ ಸತ್ತರೆ? ಈ ಮನೆಯಲ್ಲಿ ಎರಡನೆಯ ಸಲ ಸೊಸೆಯ ಸೆಂಟಿಗೆ ಬೆಳೆ ಹೋದರೆ? ಬಾಯಿ ಬಿಟ್ಟು ಹೇಳಲೂ ಆಗದು. ಬೆಳಗ್ಗೆ ಬಸ್ಸಿಗೆ ಹೊರಡುವ ಮೊದಲು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಎರಡನೆಯ ದಿನ ಹುಳುಗಳ ಸುತ್ತ ನೂಲಿನ ತೆಳ್ಳನೆ ಪರದೆ ಕಂಡಿತು. ಮೂರನೆಯ ದಿನ ಬಿಳುಪಾಯಿತು. ಮೋಟಾರು ಮನೆಯ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ.

ಐದನೆಯ ದಿನ ಭಾನುವಾರ. ಹಿತ್ತಿಲಿನಿಂದ ಅತ್ತೆಯ ಕೂಗು, "ಏಮೇ, ಇಟ್ಲ ರಾ!" ಇಲ್ಲಿ ಬಾ ಎಂದು. ಅವರಿಗೆ ಕೋಪ ಬಂದರೂ ತವರಿನ ತೆಲುಗೇ, ಸಂತೋಷವಾದರೂ ಅದೇ. ಯಾವುದೆಂದು ತಿಳಿಯದೆ ಓಡಿದೆ. ಬಟ್ಟೆ ಒಗೆಯಲು ಕೂತವರ ಕೈಯಲ್ಲಿ ನನ್ನ ಕರ್ಚೀಫು. ಅದರ ಮಡಿಕೆಯಲ್ಲಿ, ನೂಲಿನಲ್ಲಿ ಅಂಟಿಕೊಂಡು, ಒಂದು ಬೆಳ್ಳನೆಯ ಗೂಡು. ಯಾವುದೋ ಹುಳು ನನ್ನ ಬಟ್ಟೆ ಹತ್ತಿ ಜೇಬಿಗಿಳಿದು, ಚಂದ್ರಿಕೆಗಿಂತ ಇದೇ ವಾಸಿ ಎಂದು ಕೂತುಬಿಟ್ಟಿತ್ತು.

ಅತ್ತೆ ಕರ್ಚೀಫನ್ನು ಮೂಸಿದರು. ಗುಲಾಬಿ ಇನ್ನೂ ಚೂರು ಉಳಿದಿತ್ತು. ನಾನು ಅಂಗಡಿಯಿಂದ ಹಿಡಿದು ಮೋಟಾರು ಮನೆಯವರೆಗೆ ಒಂದೇ ಉಸಿರಿಗೆ ಒಪ್ಪಿಸಿ, ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಗೂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಗಟ್ಟಿಯಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಒಳಗೆ ಲೊಡಲೊಡ ಎಂದಿತು. ಕಟ್ಟಿದ್ದು ಚೆನ್ನಾಗಿದೆ ಎಂಬುದಕ್ಕೆ ಅದೇ ಗುರುತು. ಆಮೇಲೆ ಕರ್ಚೀಫನ್ನು ಮತ್ತೊಮ್ಮೆ ಮೂಸಿದರು.

"ನನ್ನ ಅತ್ತರಿಗೆ ಬೆಳೆ ಹೋಯ್ತು ಅಂದ್ರಲ್ಲ, ಆ ವಾರವೆಲ್ಲಾ ಜಡಿ ಮಳೆ ಇತ್ತು ಕಣೇ," ಎಂದರು ಕೊನೆಗೆ. "ಗೋಡೆ ಎಲ್ಲಾ ನೆಂದಿತ್ತು. ಮಳೆಗೇ ಹೋಗಿರ್ಬೇಕು. ನನ್ನಿಂದ ಹೋಗಿದ್ದಲ್ಲ."

ನನಗೆ ಅಳು ಬಂತು. ಅವರು ಅಳಲಿಲ್ಲ. ಮೂವತ್ತೈದು ವರ್ಷ ಹೊತ್ತದ್ದನ್ನು ಇಳಿಸಿದವರ ಹಾಗೆ ಕಾಲು ಚಾಚಿ ಕೂತು ನಕ್ಕರು. ಹಾಗೆಂದು ಕಟ್ಟುನಿಟ್ಟು ಬಿಟ್ಟರು ಎಂದುಕೊಳ್ಳಬೇಡಿ. "ಒಂದು ಹುಳ ಸಾಕ್ಷಿ ಹೇಳ್ತು ಅಂತ ಹುಳುಮನೆಗೆ ಸೆಂಟು ತರ್ತೀಯಾ? ಸೀಸೆ ಅಲ್ಲೇ ಇರ್ಲಿ" ಎಂದು ಅಲ್ಲೇ ಗದರಿದರು. ಈಗಲೂ ಅದು ಸ್ಟಾರ್ಟರ್ ಡಬ್ಬದ ಹಿಂದೆಯೇ ಇದೆ. ಬೆಳೆ ಬಂದಾಗ ನಾನು ರಜ ಹಾಕಿ ಒಳಗಿರುತ್ತೇನೆ.

ಗೂಡು ಬಿಡಿಸಿ ಕೋಲಾರದ ಮಾರುಕಟ್ಟೆಗೆ ಹೊರಟ ದಿನ ಅತ್ತೆ ಟೆಂಪೋವನ್ನು ಮೋಟಾರು ಮನೆಯ ಮುಂದೆ ನಿಲ್ಲಿಸಿದರು. ಇಳಿದು, ತಲೆ ಬಾಚಿಸಿಕೊಳ್ಳುವ ಹುಡುಗಿಯ ಹಾಗೆ ಕತ್ತು ಮುಂದೆ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿದರು. ಸೀಸೆ ತಂದು ಎರಡು ಸಲ ಹೊಡೆದೆ. ಒಂದು ಸೀನು ಸೀನಿದರು. ದಾರಿಯುದ್ದಕ್ಕೂ ಸೆರಗು ಮೂಸುತ್ತಾ ಕೂತಿದ್ದರು. ಕರ್ಚೀಫಿನ ಆ ಗೂಡನ್ನು ಮಾತ್ರ ಮಾರಲಿಕ್ಕೆ ಕೊಡದೆ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿ ನಮ್ಮ ರಾಶಿಗೆ ಕೈ ಹಾಕಿದವನು ಮೂಗು ಅರಳಿಸಿ, "ಏನಮ್ಮಾ, ನಿಮ್ಮ ಗೂಡು ಹಿಂಗೆ ಘಮ್ ಅಂತೈತೆ?" ಎಂದ.

ಅತ್ತೆ ಸೆರಗು ಸರಿಮಾಡಿಕೊಂಡು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದರು: "ಗೂಡಲ್ಲಪ್ಪಾ, ನಾನು."